31 ಸೆಕೆಂಡು, ಒಂದು ಕುರ್ಚಿ

ಹತ್ತೊಂಬತ್ತನೇ ಸೆಕೆಂಡಿಗೆ ಒಂದು ಕುರ್ಚಿ ಕಿರ್ರ್ ಅನ್ನುತ್ತದೆ. ಅದು ಕುರ್ಚಿಯೇ ಅಂತ ನನ್ನ ವಾದ. ಗಿಟಾರ್ ನಿಂತಿದೆ, ಡ್ರಮ್ಸ್ ಇನ್ನೂ ಶುರುವಾಗಿಲ್ಲ. ಆ ಸಣ್ಣ ಸಂದಿಯಲ್ಲಿ ಯಾರೋ ಕೂತಲ್ಲೇ ಒಂಚೂರು ಜರುಗುತ್ತಾರೆ. ಹೆಡ್‌ಫೋನ್ ಹಾಕಿ, ಫ್ಯಾನ್ ಆರಿಸಿ, ಕಣ್ಣು ಮುಚ್ಚಿ ಕೇಳಿದರೆ ಮಾತ್ರ ಸಿಗುವ ಸದ್ದು.

ಒಟ್ಟು ಇರುವುದೇ 31 ಸೆಕೆಂಡು. ನನ್ನ ಇಷ್ಟದ ಬ್ಯಾಂಡು ಇನ್ನೊಂದು ಬ್ಯಾಂಡಿನ ಜೊತೆ ಸೇರಿ ಆಲ್ಬಂ ಮಾಡಿದೆ. ಈ ತುಣುಕು ಬಂದಾಗ ಆಲ್ಬಂ ಬರುವುದಕ್ಕೆ ಇನ್ನೂ ಐದು ವಾರ ಇತ್ತು. ಅಲ್ಲಿಯವರೆಗೆ ಬಾಯಿ ಚಪ್ಪರಿಸಿಕೊಂಡಿರಿ ಅಂತ ಇಷ್ಟನ್ನು ಹೊರಗೆ ಬಿಟ್ಟರು. ಎಷ್ಟು ಸಲ ಕೇಳಿದೆ ಅಂತ ಕೇಳಬೇಡಿ. ನಲವತ್ತರವರೆಗೆ ಲೆಕ್ಕ ಇಟ್ಟಿದ್ದೆ.

"ಮತ್ತೆ ಅದೇನೇನೋ?" ಅಂದಳು ಅಕ್ಕ.

"ಇಲ್ಲಿ ಕೇಳಕ್ಕಾ. ಈಗ ಬರುತ್ತೆ ನೋಡು... ಹಾಂ, ಕುರ್ಚಿ!"

ಅಕ್ಕ ಹೆಡ್‌ಫೋನನ್ನು ಒಂದು ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದಳು. ಪಾಪ, ಶ್ರದ್ಧೆಯಿಂದಲೇ ಕೇಳಿದಳು. ಆಮೇಲೆ, "ಒಂದು ತೊಟ್ಟು ಎಣ್ಣೆ ಬಿಟ್ಟಿದ್ರೆ ಸರಿಹೋಗ್ತಿತ್ತು" ಅಂತ ಹೇಳಿ ಎದ್ದು ಹೋದಳು.

ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು "ಯಾರವರು?" ಅಂತೀರಿ. ಇಲ್ಲವೇ "ಅವರ ಮೊದಮೊದಲಿನ ಹಾಡುಗಳೇ ಚೆನ್ನಾಗಿದ್ದವು ಬಿಡಿ" ಅಂತೀರಿ. ಎರಡನ್ನೂ ತಡೆದುಕೊಳ್ಳುವ ಶಕ್ತಿ ನನಗೀಗ ಇಲ್ಲ. ನಾಲ್ಕು ಜನ, ಗಿಟಾರ್ ಹಿಡಿದು ನಿಧಾನಕ್ಕೆ ಹಾಡುವವರು ಅಂತ ಇಟ್ಟುಕೊಳ್ಳಿ. ಹದಿನಾರು ವರ್ಷದಿಂದ ನಾನು ಅವರ ಜೊತೆಗಿದ್ದೇನೆ. ಅವರಿಗೆ ಗೊತ್ತಿಲ್ಲ, ಅಷ್ಟೇ.

ಸುದ್ದಿಯ ಜೊತೆ ಒಂದು ಫೋಟೋ ಬಂದಿತ್ತು. ಬಿಳಿ ಗೋಡೆಯ ಮುಂದೆ ಏಳು ಜನ. ನಮ್ಮವರು ನಾಲ್ಕು, ಅವರು ಮೂರು. ನಾನು ಮೊದಲು ನೋಡಿದ್ದು ನಡುವೆ ಯಾರು ನಿಂತಿದ್ದಾರೆ ಅಂತ. ಅವರ ಕಡೆಯವಳು, ಕೀಬೋರ್ಡ್ ನುಡಿಸುವವಳು. ನಮ್ಮ ಡ್ರಮ್ಮರ್ ಒಂದು ತುದಿಗೆ. ಅವನ ಮೊಣಕೈ ಅರ್ಧ ಫೋಟೋದಿಂದ ಆಚೆ ಹೋಗಿಬಿಟ್ಟಿದೆ. ಇಷ್ಟು ವರ್ಷ ಇಡೀ ಬ್ಯಾಂಡಿಗೆ ತಾಳ ಹಿಡಿದವನಿಗೆ ಒಂದು ಮೊಣಕೈಯಷ್ಟು ಜಾಗ ಇಲ್ಲ ಅಂದರೆ!

ಆಮೇಲೆ ನೋಡಿದ್ದು ಹೆಸರು. ಯಾರದು ಮೊದಲು? ಅವರದೇ. ಅಕ್ಷರದ ಕ್ರಮದಲ್ಲಿ ಹಾಕಿರಬೇಕು ಅಂತ ಸಮಾಧಾನ ಮಾಡಿಕೊಳ್ಳಲು ಹೋದೆ. ಆ ಲೆಕ್ಕಕ್ಕೂ ನಮ್ಮವರೇ ಮೊದಲು ಬರಬೇಕು. ಎರಡು ಹೆಸರಿನ ನಡುವೆ "ಮತ್ತು" ಅಂತಲೂ ಇರಲಿಲ್ಲ, ಗುಣಾಕಾರದ ಗುರುತು ಇತ್ತು. ಈಚೆಗೆ ಎಲ್ಲರೂ ಅದನ್ನೇ ಹಾಕುತ್ತಾರೆ. ನನಗೆ ಗುಣಾಕಾರ ಅಂದರೆ ಭಯ. ಕೂಡಿದರೆ ಇದ್ದದ್ದಾದರೂ ಉಳಿಯುತ್ತದೆ. ಗುಣಿಸುವಾಗ ಒಂದು ಕಡೆ ಸೊನ್ನೆ ಬಂತೋ, ಎಲ್ಲಾ ಸೊನ್ನೆ.

ಈ ಹೆಸರಿನ ಪಂಚಾಯ್ತಿಯನ್ನು ಚೆನ್ನಾಗಿ ಮುಗಿಸಿದವರು ಫ್ರಾಂಜ್ ಫರ್ಡಿನಾಂಡ್ ಮತ್ತು ಸ್ಪಾರ್ಕ್ಸ್. ಮೊದಲನೆಯದು ಗ್ಲಾಸ್ಗೋದ ಬ್ಯಾಂಡು. ಎರಡನೆಯದು ಲಾಸ್ ಏಂಜಲೀಸಿನ ಅಣ್ಣತಮ್ಮಂದಿರದು. ಜೊತೆಗೆ ಏನಾದರೂ ಮಾಡೋಣ ಅಂತ ಮಾತಾಡಿಕೊಂಡು ವರ್ಷಗಟ್ಟಲೆ ಸುಮ್ಮನೆ ಇದ್ದರು. 2013ರಲ್ಲಿ ಫ್ರಾಂಜ್ ಫರ್ಡಿನಾಂಡಿನ ಗಾಯಕ ಅಲೆಕ್ಸ್ ಕಪ್ರಾನೋಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಅಲೆಯುತ್ತಿದ್ದಾಗ ಈ ಅಣ್ಣತಮ್ಮಂದಿರು ಬೀದಿಯಲ್ಲಿ ಎದುರಾದರು. 2015ರಲ್ಲಿ ಆಲ್ಬಂ ಬಂತು. ಹೆಸರು ಎಫ್‌ಎಫ್‌ಎಸ್. ಇಬ್ಬರ ಮೊದಲಕ್ಷರ ಸೇರಿಸಿದ್ದು. ಆ ಮೂರಕ್ಷರ ಇಂಗ್ಲಿಷ್‌ನವರು ರೇಗಿದಾಗ ಮೆಸೇಜಿನಲ್ಲಿ ಬರೆಯುವ ಬೈಗುಳವೂ ಹೌದು. ಇಷ್ಟು ಸಾಲದು ಅಂತ, ಜೊತೆಗೂಡಿ ಮಾಡುವ ಕೆಲಸ ಕೈಹತ್ತುವುದಿಲ್ಲ ಅನ್ನುವ ಅರ್ಥದ ಹೆಸರಿಟ್ಟು ಅದರಲ್ಲಿ ಒಂದು ಹಾಡನ್ನೂ ಸೇರಿಸಿದ್ದಾರೆ. ಒಟ್ಟಿಗೆ ಕೂತು ಮಾಡಿದ ಹಾಡು! ಅಭಿಮಾನಿಗಳು ಬಯ್ಯುವ ಮೊದಲೇ ತಾವೇ ಬೈದುಕೊಂಡರೆ ಅರ್ಧ ತಲೆನೋವು ಕಡಿಮೆ, ಅಲ್ವಾ?

ಎಲ್ಲರಿಗೂ ಆ ಜಾಣತನ ಇರುವುದಿಲ್ಲ. ನನ್ನ ನಿದ್ದೆಗೆಡಿಸುವ ಆಲ್ಬಂ ಬೇರೆ ಇದೆ. 2011ರ ಲುಲು. ಅಮೆರಿಕದ ಹಿರಿಯ ರಾಕ್ ಗಾಯಕ ಲೂ ರೀಡ್ ಮತ್ತು ಅಬ್ಬರದ ಹೆವಿ ಮೆಟಲ್ ಬ್ಯಾಂಡು ಮೆಟಾಲಿಕಾ ಸೇರಿ ಮಾಡಿದ್ದು. 2009ರಲ್ಲಿ ಒಂದು ದೊಡ್ಡ ಸಂಗೀತ ಸಮಾರಂಭದಲ್ಲಿ ಇವರು ಜೊತೆಗೆ ನುಡಿಸಿದರು. ಖುಷಿಯಾಯಿತು. ರೀಡ್‌ನ ಹಳೆಯ ಹಾಡುಗಳನ್ನೇ ಮತ್ತೆ ಮಾಡೋಣ ಅಂತ ಮೊದಲು ಅಂದುಕೊಂಡರು. ಅಲ್ಲಿಗೇ ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ರೀಡ್ ಎರಡು ಹಳೆಯ ಜರ್ಮನ್ ನಾಟಕಗಳ ಜಾಡು ಹಿಡಿದು ಬರೆದಿಟ್ಟ ಹಾಡುಗಳನ್ನು ತೆಗೆದ. ಹತ್ತು ಹಾಡು, 87 ನಿಮಿಷ, ಕೊನೆಯದೊಂದೇ ಹತ್ತೊಂಬತ್ತು ನಿಮಿಷದ ಮೇಲೆ. ಮೆಟಾಲಿಕಾದವರು ಗುಡುಗುತ್ತಾರೆ, ರೀಡ್ ತನ್ನ ಪಾಡಿಗೆ ತಾನು ಮಾತಾಡಿಕೊಂಡ ಹಾಗೆ ಹೇಳುತ್ತಾ ಹೋಗುತ್ತಾನೆ. ಒಂದೇ ಕೋಣೆಯಲ್ಲಿ ಟಿವಿ ಮತ್ತು ರೇಡಿಯೋ ಎರಡನ್ನೂ ಹಚ್ಚಿಟ್ಟ ಹಾಗೆ. ಮೆಟಾಲಿಕಾ ಅಭಿಮಾನಿಗಳು ಉರಿದುಬಿದ್ದರು.

ನಾನು ಆ ಪಂಗಡದವನಲ್ಲ. ಆದರೂ ಅವರ ಸಂಕಟ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಕಾದು, ಕೊನೆಗೆ ಮನೆಯವರೇ ಗುರುತು ಸಿಗದ ಹಾಗೆ ಬಂದು ಬಾಗಿಲಲ್ಲಿ ನಿಂತರೆ ಹೇಗಿರಬೇಡ! ಇದಕ್ಕೊಂದು ಬಾಲವೂ ಇದೆ. ರೀಡ್ 2013ರಲ್ಲಿ ತೀರಿಕೊಂಡ. ಇದೇ ಅವನ ಅತಿ ದೊಡ್ಡ ಕೆಲಸ, ಜನಕ್ಕೆ ತಿಳಿಯಲು ಸ್ವಲ್ಪ ಕಾಲ ಬೇಕು, ಅಷ್ಟೇ ಅಂತ ಇಂಗ್ಲೆಂಡಿನ ಹೆಸರಾಂತ ಗಾಯಕ ಡೇವಿಡ್ ಬೋವಿ ತನಗೆ ಹೇಳಿದ್ದನ್ನು ರೀಡ್‌ನ ಹೆಂಡತಿ ಲಾರಿ ಆಂಡರ್ಸನ್ 2015ರಲ್ಲಿ ಸಭೆಯ ಮುಂದೆ ನೆನಪಿಸಿಕೊಂಡಳು. ಬೋವಿ ಅಂಥವನೇ ಹೇಳಿದ ಮೇಲೆ ನಾನು ಮತ್ತೊಮ್ಮೆ ಕೂತು ಕೇಳಿದೆ. ನನಗೆ ಇನ್ನೂ ಸ್ವಲ್ಪ ಕಾಲ ಬೇಕು.

ಹಾಗಾಗಿ ಈ ಐದು ವಾರದಲ್ಲಿ ನನ್ನ ತಲೆ ತಿಂದ ಪ್ರಶ್ನೆ ಒಂದೇ. ಈ ಏಳು ಜನ ನಿಜವಾಗಿ ಒಟ್ಟಿಗೆ ಕೂತಿದ್ದರಾ? ಈಗ ಕೂರಲೇಬೇಕು ಅಂತೇನಿಲ್ಲ. ಇವರು ಒಂದು ದೇಶದಲ್ಲಿ ಗಿಟಾರ್ ನುಡಿಸಿ ಫೈಲ್ ಕಳಿಸಬಹುದು. ಅವರು ಇನ್ನೊಂದು ದೇಶದಲ್ಲಿ ಅದರ ಮೇಲೆ ಕೀಬೋರ್ಡ್ ಹಾಕಬಹುದು. ಮುಖ ನೋಡದೆ ಆಲ್ಬಂ ಮುಗಿಸಿ, ಫೋಟೋಗೆ ಮಾತ್ರ ಬಿಳಿ ಗೋಡೆಯ ಮುಂದೆ ಬಂದು ನಿಲ್ಲಬಹುದು.

ಅದು ತಪ್ಪು ಅಂತ ಅಲ್ಲ. ದಿ ಪೋಸ್ಟಲ್ ಸರ್ವಿಸ್ ಅಂತ ಒಂದು ಜೋಡಿ ಇದೆ. ಸಿಯಾಟಲ್‌ನ ಬೆನ್ ಗಿಬ್ಬರ್ಡ್, ಲಾಸ್ ಏಂಜಲೀಸಿನ ಜಿಮ್ಮಿ ಟ್ಯಾಂಬೊರೆಲ್ಲೊ. ಒಬ್ಬ ಸಂಗೀತ ಮಾಡಿ ಅಂಚೆಗೆ ಹಾಕುವುದು, ಇನ್ನೊಬ್ಬ ಅದರ ಮೇಲೆ ಹಾಡಿ ಮತ್ತೆ ಅಂಚೆಗೆ ಹಾಕುವುದು. ಹೆಸರು ಬಂದದ್ದೇ ಅದರಿಂದ. 2003ರಲ್ಲಿ ಆಲ್ಬಂ ಬಂದು ಹೆಸರಾದ ಮೇಲೆ ಅಮೆರಿಕದ ಅಂಚೆ ಇಲಾಖೆ ಇದು ನಮ್ಮ ಹೆಸರು ಅಂತ ತಕರಾರು ತೆಗೆಯಿತು. ಆಮೇಲೆ ರಾಜಿಯಾಯಿತು. ಎಷ್ಟು ಚೆನ್ನಾದ ಆಲ್ಬಂ ಅದು! ಎರಡನೆಯದು ಬರಲೇ ಇಲ್ಲ. ಇಪ್ಪತ್ತು ವರ್ಷ ದಾಟಿದರೂ ಅದಕ್ಕಾಗಿ ಕಾಯುತ್ತಿರುವವರಿದ್ದಾರೆ. ಅವರ ಮುಂದೆ ನನ್ನ ಐದು ವಾರ ಯಾವ ಲೆಕ್ಕ?

ಆದರೂ ನನ್ನ ಆಸೆ ಇನ್ನೊಂದು ಥರದ್ದು. ವಿಶ್ವಮೋಹನ ಭಟ್ ಮತ್ತು ರೈ ಕೂಡರ್ 1992ರಲ್ಲಿ ಮಾಡಿದ್ದರಲ್ಲ, ಆ ಥರ. ಭಟ್ಟರದು ಮೋಹನ ವೀಣೆ, ಗಿಟಾರನ್ನೇ ತಿದ್ದಿ ಮಾಡಿದ ವಾದ್ಯ. ಕೂಡರ್ ಸ್ಲೈಡ್ ಗಿಟಾರ್ ನುಡಿಸುವವರು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಚರ್ಚಿನಲ್ಲಿ ಕೂತು ನುಡಿಸಿದರು. ರೆಕಾರ್ಡಿಂಗಿಗೆ ಒಂದು ಗಂಟೆ ಮೊದಲು ಅವರಿಬ್ಬರಿಗೆ ಮುಖಪರಿಚಯವೂ ಇರಲಿಲ್ಲ. ನಾಲ್ಕೇ ನಾಲ್ಕು ರಚನೆ. ಅದಕ್ಕೆ ಗ್ರ್ಯಾಮಿ ಬಂತು. ಅದು ಪಕ್ಕಕ್ಕಿರಲಿ. ಅದನ್ನು ಕೇಳುವಾಗ ಒಬ್ಬರು ಇನ್ನೊಬ್ಬರನ್ನು ನೋಡುತ್ತಿರುವುದು ಕೇಳಿಸುತ್ತದೆ. ನೋಡುವುದು ಹೇಗೆ ಕೇಳಿಸುತ್ತದೆ ಅಂತ ನನಗೂ ಗೊತ್ತಿಲ್ಲ, ಕೇಳಿಸುತ್ತದೆ. ಇವರು ಒಂದು ತಂತಿ ಎಳೆದು ಬಿಡುತ್ತಾರೆ, ಅವರು ತಡೆದು ನಿಲ್ಲುತ್ತಾರೆ, ಆಮೇಲೆ "ಓ, ಹಾಗಾ?" ಅಂದ ಹಾಗೆ ಉತ್ತರ ಕೊಡುತ್ತಾರೆ.

ಕುರ್ಚಿಯ ವಿಷಯ ನನಗೆ ಇಷ್ಟು ಮುಖ್ಯ ಆದದ್ದು ಇದಕ್ಕೇ. ಎಲ್ಲರೂ ಒಂದೇ ಕೋಣೆಯಲ್ಲಿ ನುಡಿಸಿದರೆ ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಸೋರುತ್ತದೆ. ರೆಕಾರ್ಡಿಂಗಿನವರು ಇದಕ್ಕೆ ಬ್ಲೀಡ್ ಅನ್ನುತ್ತಾರೆ. ಆಮೇಲೆ ಒಂದನ್ನು ತಿದ್ದಲು ಹೋದರೆ ಇನ್ನೊಂದು ಎಳೆದುಕೊಂಡು ಬರುತ್ತದೆ. ಕೆಲಸಕ್ಕೆ ಕಿರಿಕಿರಿ. ಅದಕ್ಕೇ ಒಬ್ಬೊಬ್ಬರನ್ನು ಬೇರೆ ಬೇರೆ ಕೂರಿಸುತ್ತಾರೆ, ನಡುವಿನ ಮೌನವನ್ನೆಲ್ಲ ಕತ್ತರಿಸಿ ಚೊಕ್ಕ ಮಾಡುತ್ತಾರೆ. ಅಂಥ ಕಡೆ ಕುರ್ಚಿ ಕಿರ್ ಅಂದರೆ ಅದು ಉಳಿಯುವುದು ಕಷ್ಟ. ಉಳಿದಿದೆ ಅಂದರೆ, ಗಿಟಾರ್ ನಿಂತಾಗ ಆ ಕೋಣೆಯಲ್ಲಿ ಇನ್ಯಾರೋ ಇದ್ದರು. ಇಲ್ಲವೇ ನಮ್ಮ ಗಿಟಾರಿನವನೇ ಕೂತು ಕೂತು ಬೇಜಾರಾಗಿ ಕಾಲು ಬದಲಿಸಿದ. ಇದು ತೀರ್ಮಾನ ಆಗಬೇಕಿತ್ತು.

ತೀರ್ಮಾನಕ್ಕೆ ದಾರಿ ಸಿಕ್ಕಿದ್ದು ಕೆಲಸದ ಜಾಗದಲ್ಲಿ. ನನ್ನ ಪಕ್ಕದ ಮೇಜಿನವರು ಆ ಇನ್ನೊಂದು ಬ್ಯಾಂಡಿನ ಅಭಿಮಾನಿ ಅಂತ ನಾಲ್ಕು ವರ್ಷದಿಂದ ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ಅವರ ಫೋನಿನಲ್ಲಿ ಅದೇ 31 ಸೆಕೆಂಡು ಓಡಿತು.

"ಓ, ನೀವೂನಾ?" ಅಂದೆ.

"ನೀವು ಯಾರ ಕಡೆ?" ಅಂತ ಕೇಳಿದರು. ಹೇಳಿದೆ. ಮುಖ ಸ್ವಲ್ಪ ಗಂಭೀರ ಆಯಿತು. "ನಿಮ್ಮವರು ನಮ್ಮವರನ್ನ ಹಾಳು ಮಾಡದಿದ್ರೆ ಸಾಕಪ್ಪ" ಅಂದರು.

ನನಗೆ ಮಾತೇ ಹೊರಡಲಿಲ್ಲ. ಇದು ನನ್ನ ಡೈಲಾಗು! ಇಷ್ಟು ದಿನ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದದ್ದು ಇದನ್ನೇ. ನಮ್ಮವರು ಯಾರನ್ನೋ ಹಾಳು ಮಾಡಬಹುದು ಅಂತ ಒಂದು ಕ್ಷಣವೂ ನನಗೆ ಹೊಳೆದಿರಲಿಲ್ಲ. ಇಬ್ಬರೂ ಬೀಗರ ಹಾಗೆ ನಗುನಗುತ್ತಾ ಒಬ್ಬರನ್ನೊಬ್ಬರು ಅಳೆಯುತ್ತಾ ನಿಂತೆವು.

"ನಿಮ್ಮವರ ಆಲ್ಬಂ ಕೇಳ್ತಾ ಇದ್ದೀನಿ. ಎರಡನೇದರಲ್ಲಿ ನಿದ್ದೆ ಬಂತು, ಬೇಜಾರು ಮಾಡ್ಕೋಬೇಡಿ" ಅಂದರು.

ಮಾಡಿಕೊಂಡೆ.

"ಆದ್ರೆ ಡ್ರಮ್ಸ್‌ನವರು ತುಂಬಾ ಚೆನ್ನಾಗಿ ನುಡಿಸ್ತಾರೆ. ಅವರ ಮೊಣಕೈ ಕಟ್ ಆಗಿದೆ ಅಲ್ವಾ ಫೋಟೋದಲ್ಲಿ? ಪಾಪ."

ಮೊಣಕೈ ನೋಡಿದ್ದಾರೆ! ನಿದ್ದೆ ಬಂದದ್ದನ್ನು ಅಲ್ಲೇ ಕ್ಷಮಿಸಿಬಿಟ್ಟೆ. ಅವರ ಬ್ಯಾಂಡಿನದು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದೆ. ಮೂರನೆಯ ಆಲ್ಬಮ್ಮಿನಿಂದ ಅಂದರು. ಮೊದಲ ಎರಡು ಈಗ ಬೇಡ, ಅವರಿಗೇ ತಾವೇನು ಮಾಡ್ತಿದೀವಿ ಅಂತ ಗೊತ್ತಿರಲಿಲ್ಲ ಅಂದರು.

ನಾನು ಮೊದಲನೆಯದರಿಂದಲೇ ಶುರು ಮಾಡಿದೆ. ಬೇರೆಯವರು ಹೇಳಿದ ಕಡೆಯಿಂದ ಶುರು ಮಾಡಿದರೆ ನನ್ನ ಗತ್ತಿಗೆ ಏನು ಬೆಲೆ? ಆರು ಆಲ್ಬಂ, ದಿನಕ್ಕೆ ಒಂದು. ಮೊದಲನೆಯದು ಪರೀಕ್ಷೆಗೆ ಓದಿದ ಹಾಗೆ ಮುಗಿಸಿದೆ. ಬೀಪು, ಗುಂಯ್, ನಡುವೆ ಯಾರೋ ಪಿಸುಗುಟ್ಟುತ್ತಾರೆ. ಎರಡನೆಯದಕ್ಕೆ ನನಗೂ ನಿದ್ದೆ ಬಂತು. ಲೆಕ್ಕ ಸರಿಹೋಯಿತು. ಅಲ್ಲಿಗೆ ಬಿಟ್ಟು ಒಂದು ವಾರ ಆ ಕಡೆ ತಲೆ ಹಾಕಲಿಲ್ಲ.

ಅಷ್ಟರಲ್ಲಿ ಹಾಡುಗಳ ಪಟ್ಟಿ ಬಂತು. ಒಂಬತ್ತು ಹಾಡು, 41 ನಿಮಿಷ. ಎಲ್‌ಪಿ ತಟ್ಟೆಯ ಎರಡು ಮುಖಕ್ಕೆ ಹದವಾಗಿ ಕೂರುವ ಅಳತೆ, ಒಂದೊಂದಕ್ಕೆ ಇಪ್ಪತ್ತು ನಿಮಿಷ ಚಿಲ್ಲರೆ. ಹೆಸರುಗಳನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಆದರೆ ಐದನೆಯ ಹಾಡು ಏಳು ನಿಮಿಷ 42 ಸೆಕೆಂಡು. ಉಳಿದವೆಲ್ಲ ನಾಲ್ಕರ ಆಸುಪಾಸು. ಇದೊಂದು ಮಾತ್ರ ಯಾಕೆ ಇಷ್ಟುದ್ದ? ಅಷ್ಟು ಹೊತ್ತು ಏನು ಮಾಡುತ್ತಾರೆ?

ಏನು ಮಾಡುತ್ತಾರೆ ಅಂತ ನನಗೆ ಗೊತ್ತು. ಸ್ನಾನ ಮಾಡುವಾಗ ಆ ಹಾಡನ್ನು ಪೂರ್ತಿ ಕಟ್ಟಿ ಮುಗಿಸಿದ್ದೇನೆ. ಮೊದಲ ಎರಡು ನಿಮಿಷ ಬರೀ ಗಿಟಾರ್, ನಮ್ಮ ಹಳೆಯ ಧಾಟಿ. ಮೂರನೆಯ ನಿಮಿಷಕ್ಕೆ ದೂರದಿಂದ ಕೀಬೋರ್ಡ್ ಬರುತ್ತದೆ, ಕದ ತಟ್ಟದೆ. ಐದನೆಯದಕ್ಕೆ ಎಲ್ಲರೂ ನಿಲ್ಲಿಸಿ ಡ್ರಮ್ಸ್ ಒಂದೇ. ಕೊನೆಗೆ ಏಳು ಜನವೂ ಸೇರಿ ಛಾವಣಿ ಹಾರಿಸುತ್ತಾರೆ. ಬಕೆಟ್ಟಿನ ಮೇಲೆ ಬೆರಳಲ್ಲಿ ನುಡಿಸಿಯೂ ನೋಡಿದೆ, ಸೊಗಸಾಗಿದೆ. ತೊಂದರೆ ಒಂದೇ. ನಿಜವಾದ ಹಾಡು ಬಂದ ರಾತ್ರಿ ಇದು ಅಳಿಸಿಹೋಗುತ್ತದೆ. ಒಂದು ಸಲ ಅದನ್ನು ಕೇಳಿದ ಮೇಲೆ ಇದು ಮತ್ತೆ ನೆನಪಿಗೆ ಬರುವುದಿಲ್ಲ. ಹಿಂದಿನ ಆಲ್ಬಂಗಳಿಗೂ ಹೀಗೆ ಮನಸ್ಸಿನಲ್ಲೇ ಹಾಡು ಕಟ್ಟಿದ್ದೆ. ಈಗ ಎಷ್ಟು ಹುಡುಕಿದರೂ ಒಂದು ಸಾಲೂ ಸಿಗುವುದಿಲ್ಲ.

ಕಾಯದೆ ಸಿಗುವ ಆಲ್ಬಂಗಳೂ ಇವೆ. 2014ರಲ್ಲಿ ಯೂಟೂ ಬ್ಯಾಂಡಿನ ಹೊಸ ಆಲ್ಬಮ್ಮನ್ನು ಆಪಲ್ ಕಂಪನಿ ತನ್ನ ಸುಮಾರು 50 ಕೋಟಿ ಐಟ್ಯೂನ್ಸ್ ಗ್ರಾಹಕರ ಖಾತೆಗೆ ಕೇಳದೆಯೇ ಸೇರಿಸಿತು. ಪುಕ್ಕಟೆ. ಜನ ಖುಷಿಪಡುತ್ತಾರೆ ಅಂದುಕೊಂಡಿದ್ದರು. ಎಷ್ಟೋ ಜನ, ಇದನ್ನು ಮೊದಲು ಅಳಿಸೋದು ಹೇಗೆ ಅಂತ ಕೇಳಿದರು. ಅಳಿಸುವುದಕ್ಕೆ ಅಂತಲೇ ಬೇರೆ ಒಂದು ಸೌಲಭ್ಯ ಮಾಡಿಕೊಡಬೇಕಾಯಿತು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಒಂದು ತಿಂಗಳು ಸತಾಯಿಸಿ, ಆಮೇಲೆ ಕೊಡಿ.

ನಮ್ಮದು ಶುಕ್ರವಾರ ಬರುತ್ತದೆ. 2015ರ ಜುಲೈ 10ರಿಂದ ಪ್ರಪಂಚದ ಹೆಚ್ಚಿನ ಕಡೆ ಹೊಸ ಆಲ್ಬಂ ಅಂದರೆ ಶುಕ್ರವಾರವೇ. ಅದಕ್ಕೂ ಮುಂಚೆ ಬ್ರಿಟನ್ನಿಗೆ ಸೋಮವಾರ, ಅಮೆರಿಕಕ್ಕೆ ಮಂಗಳವಾರ ಅಂತ ಇತ್ತು. ಒಂದು ಕಡೆ ಬಂದದ್ದು ಇನ್ನೊಂದು ಕಡೆ ಬರುವಷ್ಟರಲ್ಲಿ ಕಳ್ಳದಾರಿಯಲ್ಲಿ ಎಲ್ಲರಿಗೂ ಸಿಕ್ಕಿರುತ್ತಿತ್ತು. ಈಗ ಆಯಾ ದೇಶದ ಮಧ್ಯರಾತ್ರಿಗೆ ಸರಿಯಾಗಿ ಬಿಡುತ್ತಾರೆ. ಹಾಗಾಗಿ ನ್ಯೂಜಿಲೆಂಡಿನವರು ನನಗಿಂತ ಗಂಟೆಗಟ್ಟಲೆ ಮೊದಲು ಐದನೆಯ ಹಾಡು ಕೇಳಿರುತ್ತಾರೆ. ಅಲ್ಲಿ ನನಗೆ ಯಾರೂ ಪರಿಚಯ ಇಲ್ಲ. ಒಳ್ಳೆಯದೇ ಆಯಿತು.

ಇನ್ನು ಹನ್ನೊಂದು ದಿನ ಇದೆ. ನಿನ್ನೆ ರಾತ್ರಿ ನಿದ್ದೆ ಬರದೆ, ಬೇರೆ ದಾರಿಯೂ ಕಾಣದೆ, ಅವರ ಮೂರನೆಯ ಆಲ್ಬಂ ಹಾಕಿದೆ. ಮೊದಲ ಹಾಡಿಗೆ ಎದ್ದು ಕೂತೆ. ಪಿಸುಗುಟ್ಟುವವಳು ಇಲ್ಲಿ ಬಾಯಿಬಿಟ್ಟು ಹಾಡುತ್ತಾಳೆ. ಬೀಪು ಗುಂಯ್ ಎಲ್ಲ ಎಲ್ಲಿರಬೇಕೋ ಅಲ್ಲಿದೆ. ಎರಡನೆಯ ಹಾಡು, ಮೂರನೆಯ ಹಾಡು... ನಾನು ಯಾವ ಕಡೆಯವನು ಅನ್ನುವುದೇ ಮರೆತುಹೋಯಿತು. ನಾಲ್ಕನೆಯದು ತುಂಬಾ ಮೆಲ್ಲಗಿನ ಹಾಡು. ಕೀಬೋರ್ಡ್ ಒಂದೇ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಆಕೆ ಕೈ ಎತ್ತಿ ಒಂಚೂರು ತಡೆಯುತ್ತಾಳೆ. ಆ ಸಂದಿಯಲ್ಲಿ, ಕಿರ್ರ್.

ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. 31 ಸೆಕೆಂಡಿನ ತುಣುಕು ಹಾಕಿದೆ. ಇದು, ಅದು, ಮತ್ತೆ ಇದು. ಅದೇ ಕುರ್ಚಿ. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಟಕ್.

ಬೆಳಿಗ್ಗೆ ಕೆಲಸಕ್ಕೆ ಹೋದವನೇ ಪಕ್ಕದ ಮೇಜಿನವರಿಗೆ ಹೇಳಿದೆ. ಅವರು ತಲೆ ಕೂಡ ಎತ್ತಲಿಲ್ಲ.

"ಅದಾ? ಅದು ಅವಳ ಸ್ಟೂಲು. ಮೂರನೇದರಿಂದ ಈಚೆಗೆ ಎಲ್ಲದರಲ್ಲೂ ಇರುತ್ತೆ. ನಿಮಗೆ ಗೊತ್ತಿರಲಿಲ್ವಾ?"

ಅಂದರೆ ನಮ್ಮವನು ಗಿಟಾರ್ ನಿಲ್ಲಿಸಿದಾಗ ಅವಳು ಅಲ್ಲೇ ಇದ್ದಳು. ತನ್ನ ಸ್ಟೂಲನ್ನೂ ತಂದುಕೊಂಡಿದ್ದಳು.

ಸಂಜೆ ಮನೆಗೆ ಬಂದು ಅಕ್ಕನನ್ನು ಕೂರಿಸಿ, ಎರಡನ್ನೂ ಒಂದಾದ ಮೇಲೊಂದು ಕೇಳಿಸಿದೆ. ಯಾವ ವರ್ಷದ್ದು, ಯಾರದು, ಎಲ್ಲ ವಿವರವಾಗಿ ಹೇಳಿದೆ. ಅಕ್ಕ ಈ ಸಲ ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಳು. ತೆಗೆದು ನನ್ನ ಕೈಗೆ ಕೊಟ್ಟಳು.

"ಇಷ್ಟು ವರ್ಷ ಆದ್ರೂ ಎಣ್ಣೆ ಹಾಕಿಲ್ವಾ ಅವಳು?"